ಬ್ಯಾಟರಿ ಸಲೀಮನ ಅಂಗಳ

ಹಿರಿಯೂರಿನಲ್ಲಿ ಸಲೀಂ ಎಂಬ ಹೆಸರಿನವರು ಹತ್ತಾರು ಜನ ಇದ್ದಾರೆ. ಹಣ್ಣಿನ ಸಲೀಂ, ಆಟೋ ಸಲೀಂ, ಮಸೀದಿ ಪಕ್ಕದ ಟೈಲರ್ ಸಲೀಂ. ನಾನು ಹೇಳುತ್ತಿರುವುದು ಬ್ಯಾಟರಿ ಸಲೀಮನ ವಿಷಯ. ಲಾರಿ, ಟ್ರ್ಯಾಕ್ಟರುಗಳ ಸತ್ತ ಬ್ಯಾಟರಿಗೆ ಮತ್ತೆ ಜೀವ ಬರಿಸುತ್ತಾನೆ ಎಂದು ಹೈವೇ ಬದಿಯಲ್ಲಿ ಒಂದು ಕಾಲಕ್ಕೆ ಅವನಿಗೆ ಹೆಸರಿತ್ತು. ಈಗ ಅವನು ಆ ಕೆಲಸ ಮಾಡುವುದಿಲ್ಲ. ತೆಂಗಿನಕಾಯಿ ಮಂಡಿಯಲ್ಲಿ ಚೀಲ ಹೊರುತ್ತಾನೆ. ಅವನ ಮಗಳು ಮಾಹೀರಾ ನನ್ನ ವಿದ್ಯಾರ್ಥಿನಿ. ನಾನು ಅನುಸೂಯ. ಊರಿನ ಸರ್ಕಾರಿ ಶಾಲೆಯೊಂದರಲ್ಲಿ ಹದಿನೇಳು ವರ್ಷದಿಂದ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಅವರಿಗೆ ಆದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಬಿಟ್ಟು ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ.

ಸಲೀಮನ ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಸೈಕಲ್ಲಿನ ಹಿಂದೆ ಕೆಂಡಕ್ಕೆ ಗಾಳಿ ಊದುವ ತಿದಿ ಕಟ್ಟಿಕೊಂಡು ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಗೆ ಹೋಗಿ, ಯಾವುದಾದರೂ ಮರದ ಕೆಳಗೆ ಒಲೆ ಹೂಡಿ, ಹಿತ್ತಾಳೆ ಪಾತ್ರೆಗಳ ಒಳಗನ್ನು ಬೆಳ್ಳಗೆ ಮಾಡಿಕೊಡುತ್ತಿದ್ದರು. ಮನೆಮನೆಗೂ ಸ್ಟೀಲ್ ಪಾತ್ರೆ ಬಂದ ಮೇಲೆ ಅವರನ್ನು ಕರೆಯುವವರೇ ಇಲ್ಲದಂತಾಯಿತು. ಸಲೀಂ ಆಗ ಉರ್ದು ಶಾಲೆಯಲ್ಲಿ ಆರನೇ ತರಗತಿ. ಒಂದು ಬೆಳಿಗ್ಗೆ ಅಪ್ಪ ಅವನನ್ನು ಶಾಲೆಯ ದಾರಿಯಲ್ಲಿ ಕರೆದುಕೊಂಡು ಹೊರಟವರು ಶಾಲೆಯ ಗೇಟು ದಾಟಿ ಮುಂದೆ ನಡೆದರು. ಹೈವೇ ಪಕ್ಕದ ಬ್ಯಾಟರಿ ಶೆಡ್ಡಿನಲ್ಲಿ ಅವನನ್ನು ಬಿಟ್ಟು ವಾಪಸಾದರು. ಅವತ್ತು ಹೆಗಲ ಮೇಲಿದ್ದ ಪುಸ್ತಕದ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಆಸಿಡ್ ಕ್ಯಾನಿನ ಪಕ್ಕ ಇಟ್ಟೆ ಎಂದು ಸಲೀಂ ಒಮ್ಮೆ ನನಗೆ ಹೇಳಿದ್ದ. ಸಂಜೆ ನೋಡಿದರೆ ಚೀಲದ ತಳವೇ ಕರಗಿಹೋಗಿತ್ತಂತೆ.

ಕೆಲಸವನ್ನು ಮಾತ್ರ ಚೆನ್ನಾಗಿ ಕಲಿತ. ಮೂವತ್ತು ತುಂಬುವ ಹೊತ್ತಿಗೆ ಅವನದೇ ಒಂದು ತಗಡಿನ ಶೆಡ್ಡಾಯಿತು. ದಿಲ್‌ಶಾದ್ ಎಂಬ ಹೊಸದುರ್ಗದ ಹುಡುಗಿಯ ಜೊತೆ ಮದುವೆಯಾಯಿತು. ಮಾಹೀರಾ ಹುಟ್ಟಿದಳು. ಅವಳಾದ ಎಷ್ಟೋ ವರ್ಷಕ್ಕೆ ಉಮೇರ್ ಎಂಬ ಮಗ ಹುಟ್ಟಿದ.

ಕೊರೊನಾ ಮುಗಿದು ಶಾಲೆ ತೆರೆದ ವರ್ಷ ಸಲೀಂ ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದ. ಮನೆಯ ಹತ್ತಿರವೇ ಉರ್ದು ಶಾಲೆ ಇರುವಾಗ ನಮ್ಮ ಕನ್ನಡ ಶಾಲೆಗೆ ಏಕೆ ಎಂದು ಮುಖ್ಯೋಪಾಧ್ಯಾಯರಾದ ಹನುಮಂತರಾಜು ಕೇಳಿದರು. ತನಗೆ ಕನ್ನಡ ಓದಲು ಬರುವುದಿಲ್ಲ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಯಾರೋ ಹೇಳಿದ ಕಡೆ ರುಜು ಹಾಕಿ ಬರುತ್ತೇನೆ, ಮಗಳು ಹಾಗಾಗಬಾರದು ಎಂದ. ಮಾತಾಡುವಾಗ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಕೊಳೆ ಇತ್ತು, ಎಷ್ಟು ತೊಳೆದರೂ ಹೋಗದಂಥದು.

ಮಾಹೀರಾ ಎಂಥ ಮಗುವಾಗಿದ್ದಳು ಎಂದು ಹೇಳಲೇಬೇಕು. ಮನೆಯಲ್ಲಿ ಆಡುತ್ತಿದ್ದುದು ಉರ್ದು. ಆದರೂ ದೀಪಾವಳಿ ರಜೆ ಮುಗಿಯುವುದರೊಳಗೆ ಕನ್ನಡದ ಅಕ್ಷರಗಳೆಲ್ಲ ಅವಳಿಗೆ ಬಂದಿದ್ದವು. ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿಲ್ಲದೆ ಬರೆಯುತ್ತಿದ್ದಳು. ರಜೆಯ ದಿನ ಅಪ್ಪನ ಸ್ಕೂಟರಿನ ಮುಂದೆ ನಿಂತು ದಾರಿಯುದ್ದಕ್ಕೂ ಬಸ್ಸುಗಳ ಬೋರ್ಡು ಓದುತ್ತಿದ್ದಳಂತೆ. ಸಿರಿಗೆರೆ, ಹೊಳಲ್ಕೆರೆ, ಚಳ್ಳಕೆರೆ, ಬೆಂಗಳೂರು. ಮಗಳು ಓದುವುದನ್ನು ಕೇಳಲೆಂದೇ ಸಲೀಂ ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ನಿಧಾನ ಮಾಡುತ್ತಿದ್ದ. ಎರಡನೆಯ ತರಗತಿಯ ಪಾಠ ಸಾಲದೆಂದು ನಾನು ಅವಳಿಗೆ ಮೂರನೆಯದರ ಪುಸ್ತಕ ಕೊಟ್ಟೆ. ಐದು ಮುಗಿಸಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸಿದರೆ ಖಂಡಿತ ಸೀಟು ಸಿಗುತ್ತದೆ ಎಂದು ಅವಳ ಅಮ್ಮನಿಗೆ ಹೇಳಿದೆ.

ಅವಳು ಎರಡನೆಯ ತರಗತಿ ಮುಗಿಸುವ ಹೊತ್ತಿಗೆ ರಸ್ತೆ ಅಗಲ ಮಾಡುವವರು ಬಂದು ಹೈವೇ ಬದಿಯ ಶೆಡ್ಡುಗಳನ್ನೆಲ್ಲ ಕಿತ್ತು ಹಾಕಿದರು. ಸಲೀಮನ ಶೆಡ್ಡೂ ಹೋಯಿತು. ಊರೊಳಗೆ ಅಂಗಡಿಗೆ ಹುಡುಕಿದ. ಆಸಿಡ್ ವಾಸನೆಯ ಕೆಲಸಕ್ಕೆ ಜಾಗ ಕೊಡಲು ಯಾರೂ ಒಪ್ಪಲಿಲ್ಲ. ಕೊನೆಗೆ ಕೆಲಸವನ್ನು ಮನೆಗೇ ತಂದ. ಅವರದು ವೇದಾವತಿ ಹೊಳೆಯ ಕಡೆಯ ಒಂದು ಓಣಿಯಲ್ಲಿ ಬಾಡಿಗೆ ಮನೆ. ಎರಡು ಕೋಣೆ, ಮುಂದೆ ಮಣ್ಣಿನ ಅಂಗಳ, ಅಂಗಳದ ಮೂಲೆಯಲ್ಲಿ ನಲ್ಲಿ, ಬಟ್ಟೆ ಒಗೆಯುವ ಕಲ್ಲು. ಆ ಅಂಗಳಕ್ಕೆ ತಗಡು ಹೊದಿಸಿದ. ಹಳೆಯ ಬ್ಯಾಟರಿ ಒಡೆದು, ಆಸಿಡ್ ಚೆಲ್ಲಿ, ಒಳಗಿನ ಸೀಸದ ಪ್ಲೇಟುಗಳನ್ನು ಬಿಡಿಸಿ, ಬಾಣಲೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುವುದು, ಎಲ್ಲ ಅಲ್ಲೇ ನಡೆಯತೊಡಗಿತು.

ಅಂಗಡಿ ಹೋಯಿತೆಂದು ಅವನಿಗೆ ದುಃಖವಿತ್ತು. ಆದರೆ ಒಂದು ಸಮಾಧಾನವೂ ಇತ್ತು. ಮೊದಲೆಲ್ಲ ಮಕ್ಕಳು ಏಳುವ ಮೊದಲೇ ಮನೆ ಬಿಟ್ಟು, ಅವರು ಮಲಗಿದ ಮೇಲೆ ಬರುತ್ತಿದ್ದವನು ಈಗ ಅವರ ಕಣ್ಣೆದುರೇ ಇದ್ದ. ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ ಉಮೇರನನ್ನು ಕೆಲಸದ ನಡುವೆಯೇ ಎತ್ತಿ ಮುದ್ದಿಸುತ್ತಿದ್ದ. ಮಾಹೀರಾ ಶಾಲೆಯಿಂದ ಬಂದವಳೇ ಅಪ್ಪನ ಹತ್ತಿರ ಹೊಸ್ತಿಲ ಮೇಲೆ ಕೂತು ಹೋಮ್‌ವರ್ಕ್ ಬರೆಯುತ್ತಿದ್ದಳು. ತಾನು ಕಳೆದುಕೊಂಡ ಶಾಲೆ ಮನೆಯ ಬಾಗಿಲಿಗೇ ಬಂದು ಕೂತ ಹಾಗಿತ್ತು ಎಂದು ಆ ದಿನಗಳ ಬಗ್ಗೆ ಅವನು ಹೇಳುತ್ತಾನೆ. ಅವನ ಬದುಕಿನಲ್ಲೇ ಅವು ಹೆಚ್ಚು ಸುಖದ ದಿನಗಳು.

ಕರಗಿದ ಸೀಸ ಹೊಯ್ಯುವಾಗ ನೆಲಕ್ಕೆ ಸಿಡಿದ ಹನಿಗಳು ಆರಿ, ದುಂಡನೆಯ ಬೆಳ್ಳಿ ಕಾಳುಗಳಂತಾಗುತ್ತವೆ. ಮಾಹೀರಾ ಅವನ್ನು ಆರಿಸಿ ಒಂದು ಡಬ್ಬಿ ತುಂಬ ಶಾಲೆಗೆ ತಂದಳು. ಎಣಿಸುವುದಕ್ಕೆ ನಮ್ಮಲ್ಲಿ ಹುಣಸೆ ಬೀಜ, ಕಲ್ಲು ಇರುತ್ತವೆ. ಇವು ಅವಕ್ಕಿಂತ ಚೆಂದ ಇದ್ದವು. ನಾನು ಅವಳನ್ನು ಹೊಗಳಿ ಕಾಳುಗಳನ್ನು ಗಣಿತದ ತಟ್ಟೆಗೆ ಸುರಿದುಕೊಂಡೆ. ಮೂರು ತರಗತಿಯ ಮಕ್ಕಳು ಎರಡು ವರ್ಷ ಅವುಗಳಲ್ಲೇ ಕೂಡುವುದು, ಕಳೆಯುವುದು ಕಲಿತರು.

ಮೂರನೇ ತರಗತಿಯ ಅರ್ಧಕ್ಕೆ ಮಾಹೀರಾ ಹಿಂದೆ ಬೀಳತೊಡಗಿದಳು. ಮೊದಲು ಹೊಟ್ಟೆನೋವು. ಬಿಸಿಯೂಟ ಮುಟ್ಟದೆ ಮೂಲೆಯಲ್ಲಿ ಮುದುಡಿ ಕೂರುತ್ತಿದ್ದಳು. ಅಡುಗೆಯ ಏಕನಾಥಮ್ಮ ಅವಳಿಗಾಗಿ ಮಜ್ಜಿಗೆ ತಂದಿಡುತ್ತಿದ್ದರು. ಮುಖ ಬಿಳಿಚಿಕೊಂಡಿತು. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ಕೊಟ್ಟೆವು, ಜಂತುಹುಳುವಿನ ಮಾತ್ರೆ ಕೊಟ್ಟೆವು. ಆಮೇಲೆ ಸಿಡುಕು ಶುರುವಾಯಿತು. ಪಕ್ಕದ ಹುಡುಗಿಯ ಕೈ ಕಚ್ಚಿದಳು. ಹೇಳಿದ್ದು ಕೇಳಿಸದವಳಂತೆ ಕಿಟಕಿಯ ಕಡೆ ನೋಡುತ್ತಿದ್ದಳು. ಮಗ್ಗಿ ಮರೆತಳು. ನಿನ್ನೆ ಓದಿದ ಪುಟ ಇವತ್ತು ಹೊಸದೆಂಬಂತೆ ನೋಡುತ್ತಿದ್ದಳು.

ನಾನು ಮೊಬೈಲ್ ಎಂದುಕೊಂಡೆ. ತಮ್ಮ ಹುಟ್ಟಿದ್ದರಿಂದ ಮನೆಯಲ್ಲಿ ಇವಳನ್ನು ಕೇಳುವವರಿಲ್ಲ ಎಂದುಕೊಂಡೆ. ಗದರಿದೆ, ಹಿಂದಿನ ಸಾಲಿನಲ್ಲಿ ಕೂರಿಸಿದೆ. ಇಷ್ಟು ವರ್ಷದ ಅನುಭವ ನನಗೆ ಕಲಿಸಿದ್ದು ಇಷ್ಟೇ. ಓದುತ್ತಿದ್ದ ಮಗು ಓದದೇ ಹೋದರೆ ಅದಕ್ಕೆ ಕಾರಣ ಸೋಮಾರಿತನ, ಇಲ್ಲವೆ ಮನೆಯವರ ಉದಾಸೀನ.

ಒಂದು ದಿನ ಸಲೀಮನನ್ನು ಕರೆಸಿ ಹೇಳಿದೆ. ಮಗಳು ಬೇಕೆಂದೇ ಓದುತ್ತಿಲ್ಲ, ಹಟ ಹಿಡಿದಿದ್ದಾಳೆ, ನೀವು ಸ್ವಲ್ಪ ಬಿಗಿ ಮಾಡ್ರಿ ಎಂದೆ. ಬೇಕೆಂದೇ ಎಂಬ ಮಾತನ್ನು ನಾನೇ ಆಡಿದ್ದು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಹೋದ. ಮಾರನೆಯ ದಿನ ಮಾಹೀರಾಳ ತೋಳಿನ ಮೇಲೆ ಬೆಲ್ಟಿನ ಬಾಸುಂಡೆ ಇತ್ತು. ನಡೆದದ್ದನ್ನು ದಿಲ್‌ಶಾದ್ ಆಮೇಲೆ ನನಗೆ ತಿಳಿಸಿದಳು. ಎರಡನೇ ತರಗತಿಯ ಪುಸ್ತಕ ತೆಗೆದು ಓದು ಎಂದನಂತೆ. ಮಗು ಒಂದು ಸಾಲು ಓದಿ ನಿಂತಿತು. ಮುಂದಿನ ಪದ ಅವಳು ವರ್ಷದ ಹಿಂದೆ ಕಣ್ಣು ಮುಚ್ಚಿ ಬರೆಯುತ್ತಿದ್ದದ್ದು. ಬರೋಲ್ಲ ಅಬ್ಬಾ ಎಂದಳು. ಸುಳ್ಳು ಹೇಳುತ್ತೀಯ ಎಂದು ಹೊಡೆದ. ಹುಟ್ಟಿದಾಗಿನಿಂದ ಅವಳ ಮೇಲೆ ಅವನು ಕೈ ಎತ್ತಿದ್ದು ಅದೇ ಮೊದಲು. ಹೊಡೆದು, ಅಂಗಳಕ್ಕೆ ಹೋಗಿ ಬಾಣಲೆಯ ಮುಂದೆ ಕೂತು ಅತ್ತನಂತೆ.

ಆ ವರ್ಷವೆಲ್ಲ ದಿಲ್‌ಶಾದ್ ಮಗಳನ್ನು ಕಟ್ಟಿಕೊಂಡು ಅಲೆದಳು. ಒಬ್ಬ ವೈದ್ಯರು ಜಂತು ಎಂದರು, ಇನ್ನೊಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ದರ್ಗಾದಲ್ಲಿ ತಾಯತ ಕಟ್ಟಿಸಿದಳು. ಅವಳು ಸಾಕಿದ್ದ ಕೋಳಿಗಳು ಒಂದೇ ವಾರದಲ್ಲಿ ಎಲ್ಲ ಸತ್ತವು. ಕೋಳಿ ರೋಗವೆಂದು ಓಣಿಯವರು ಹೇಳಿದರು. ಉಮೇರ್‌ಗೆ ಎರಡು ವರ್ಷ ತುಂಬಿತ್ತು. ಅಬ್ಬಾ, ಅಮ್ಮಿ, ಪಾನಿ ಎಂದು ಕಲಿತಿದ್ದ ನಾಲ್ಕು ಮಾತು ಒಂದೊಂದಾಗಿ ನಿಂತುಹೋದವು. ಗಂಡು ಮಕ್ಕಳು ಮಾತು ಕಲಿಯುವುದು ತಡ ಎಂದು ಅದಕ್ಕೂ ಒಂದು ಸಮಾಧಾನ ಸಿಕ್ಕಿತು. ದಿಲ್‌ಶಾದ್ ಗಂಡನ ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆಗೇ ನೆನೆಸಿ, ಆ ಕಲ್ಲಿನ ಮೇಲೆ ಒಗೆದು, ಆ ಅಂಗಳದಲ್ಲೇ ಒಣಗಿಸುತ್ತಿದ್ದಳು. ಶುಚಿಯಾದ ಹೆಂಗಸು. ದಿನಕ್ಕೆರಡು ಸಲ ಅಂಗಳ ಗುಡಿಸುತ್ತಿದ್ದಳು. ಗುಡಿಸಿದಷ್ಟೂ ಧೂಳು ಒಳಗೆ ಹೋಗುತ್ತಿತ್ತು.

ನಾಲ್ಕನೇ ತರಗತಿಯ ಡಿಸೆಂಬರ್ ತಿಂಗಳು. ಊಟ ಮುಗಿದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಕ್ಕಳು ಕೂಗಿದ್ದು ಕೇಳಿ ತಿರುಗಿದರೆ ಮಾಹೀರಾ ನೆಲಕ್ಕೆ ಬಿದ್ದಿದ್ದಳು. ಮೈ ಸೆಟೆದಿತ್ತು, ಬಾಯಲ್ಲಿ ನೊರೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಏಕನಾಥಮ್ಮ ಅಡುಗೆ ಕೋಣೆಯಿಂದ ಓಡಿಬಂದು ಅವಳ ಮುಷ್ಟಿಗೆ ಬೀಗದ ಕೈಗೊಂಚಲು ತುರುಕಿದರು. ಹನುಮಂತರಾಜು ಆಂಬ್ಯುಲೆನ್ಸಿಗೂ ಸಲೀಮನಿಗೂ ಫೋನ್ ಮಾಡಿದರು. ಹಿರಿಯೂರಿನಲ್ಲಿ ಇಂಜೆಕ್ಷನ್ ಕೊಟ್ಟು ತಕ್ಷಣ ಚಿತ್ರದುರ್ಗಕ್ಕೆ ಕಳಿಸಿದರು. ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಮತ್ತೊಂದು ಸಲ ಫಿಟ್ಸ್ ಬಂತು. ಸಲೀಂ ಮಗಳ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತಿದ್ದ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವತ್ತು ಮಕ್ಕಳ ವಾರ್ಡಿನಲ್ಲಿದ್ದವರು ಡಾಕ್ಟರ್ ಮೇಘಶ್ರೀ. ಚಿಕ್ಕ ವಯಸ್ಸು. ಮಗುವನ್ನು ನೋಡಿ, ಔಷಧಿ ಹಾಕಿ, ಫಿಟ್ಸ್ ನಿಂತ ಮೇಲೆ ನಮ್ಮನ್ನು ಕೂರಿಸಿಕೊಂಡು ಮೊದಲಿನಿಂದ ಕೇಳಿದರು. ಹೊಟ್ಟೆನೋವು ಯಾವಾಗ ಶುರುವಾಯಿತು, ಮಲವಿಸರ್ಜನೆ ಹೇಗೆ, ಮೊದಲು ಓದುತ್ತಿದ್ದಳಾ. ಬರೆದುಕೊಳ್ಳುತ್ತಾ ಹೋಗಿ ತಲೆಯೆತ್ತಿ ಸಲೀಮನನ್ನು ನೋಡಿದರು.

"ನೀವು ಏನು ಕೆಲಸ ಮಾಡ್ತೀರಿ?"

"ಬ್ಯಾಟ್ರಿ ಕೆಲ್ಸ ಮೇಡಂ."

"ಎಲ್ಲಿ?"

"ಮನೆಯಾಗೇ. ಅಂಗಳದಾಗೆ."

ಅವರು ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಮಾಹೀರಾಳ ಕೆಳತುಟಿಯನ್ನು ಎಳೆದು, ಮೊಬೈಲಿನ ಬೆಳಕು ಬಿಟ್ಟು ವಸಡು ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಹಲ್ಲಿನ ಬುಡದಲ್ಲಿ ನೀಲಿ ಮಿಶ್ರಿತ ಕಪ್ಪು ಗೆರೆ, ಪೆನ್ಸಿಲಿನಲ್ಲಿ ಎಳೆದಂತೆ ಸಣ್ಣದು. ಎರಡು ವರ್ಷ ಆ ಮಗುವಿನ ಬಾಯಿ ನನ್ನ ಮುಂದೆ ಓದಿತ್ತು, ತೊದಲಿತ್ತು. ನಾನು ನೋಡಿರಲಿಲ್ಲ. ಅಪ್ಪ ಏನು ಕೆಲಸ ಮಾಡುತ್ತಾನೆಂದು ನಮಗೆಲ್ಲ ಗೊತ್ತಿತ್ತು. ಆದರೆ ಅದನ್ನೂ ಈ ಮಗುವಿನ ಹೊಟ್ಟೆನೋವನ್ನೂ ಸೇರಿಸಿ ನೋಡಿದವರು ಇವರೊಬ್ಬರೇ.

ಅಕ್ಕ ತಮ್ಮ ಇಬ್ಬರ ರಕ್ತವೂ ಪರೀಕ್ಷೆಗೆ ಬೆಂಗಳೂರಿಗೆ ಹೋಯಿತು. ಫಲಿತಾಂಶ ಬಂದ ದಿನ ಡಾಕ್ಟರು ಬಿಡಿಸಿ ಹೇಳಿದರು. ಮಕ್ಕಳ ರಕ್ತದಲ್ಲಿ ಸೀಸ ಇರಲೇಬಾರದು. ಐದು ದಾಟಿದರೆ ಎಚ್ಚರಿಕೆ. ಉಮೇರನದು ನಲವತ್ತೊಂಬತ್ತು, ಮಾಹೀರಾಳದು ಎಂಬತ್ತಾರು. ಸೀಸ ಕರಗಿಸುವಾಗಿನ ಹೊಗೆ, ನೆಲದ ಮೇಲೆ ಕೂರುವ ಬೂದಿ, ಕೈಯಿಂದ ಬಾಯಿಗೆ, ತಟ್ಟೆಗೆ, ಹಾಸಿಗೆಗೆ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ಬೇಗ ಹೀರಿಕೊಳ್ಳುತ್ತದೆ. ರಕ್ತ ಕೆಡಿಸುತ್ತದೆ, ಮೂಳೆಗೆ ಇಳಿಯುತ್ತದೆ, ಮೆದುಳಿಗೆ ಹೋಗುತ್ತದೆ.

ಸಲೀಂ ಎಲ್ಲವನ್ನೂ ಕೇಳಿಸಿಕೊಂಡ. ತನ್ನ ಉಗುರುಗಳನ್ನು ನೋಡಿಕೊಳ್ಳುತ್ತ ಕೇಳಿದ.

"ಮೇಡಂ, ಇದು ನನ್ನ ಕೈಯಿಂದಾನೇ ಬಂತಾ?"

ಡಾಕ್ಟರ್ ಮೇಘಶ್ರೀ ಮಾತು ಮರೆಸಲಿಲ್ಲ. "ಹೌದು. ಆದ್ರೆ ನಿಮಗೆ ಗೊತ್ತಿರಲಿಲ್ಲ. ನಿಮಗೆ ಯಾರೂ ಹೇಳಿರಲೂ ಇಲ್ಲ."

"ತೆಗಿಯಾಕೆ ಬರುತ್ತಾ?"

"ರಕ್ತದಲ್ಲಿರೋದನ್ನ ತೆಗೀಬಹುದು. ಮೂಳೇಲಿ ಇರೋದು ವರ್ಷಗಟ್ಟಲೆ ಬಿಡ್ತಾನೇ ಇರುತ್ತೆ. ತಲೆಗೆ ಆಗಿರೋದನ್ನ ವಾಪಸ್ ತರೋ ಔಷಧಿ ನಮ್ಮ ಹತ್ರ ಇಲ್ಲ."

ಅವನು ಎದ್ದು ಹೊರಗೆ ಹೋಗಿ, ಕಾರಿಡಾರಿನ ನಲ್ಲಿಯಲ್ಲಿ ಕೈ ತೊಳೆಯತೊಡಗಿದ. ನಾನು ಹೋಗಿ ನಲ್ಲಿ ನಿಲ್ಲಿಸುವ ತನಕ ತೊಳೆಯುತ್ತಲೇ ಇದ್ದ. ಅವನ ರಕ್ತವನ್ನೂ ಪರೀಕ್ಷೆಗೆ ತೆಗೆದರು. ತನ್ನದು ಎಷ್ಟು ಬಂತೆಂದು ಅವನು ಯಾವತ್ತೂ ಕೇಳಲಿಲ್ಲ.

ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಗಂಡ ಹೆಂಡತಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ ಅಲ್ಲಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದರು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿ ಇದೆಯಂತೆ. ಎರಡು ತಿಂಗಳಾದ ಮೇಲೆ ಮತ್ತೊಂದು ಸಲ ಹೋಗಿ ಬಂದರು. ಮಾಹೀರಾಳ ಅಂಕಿ ಮೂವತ್ತಕ್ಕೆ ಇಳಿಯಿತು, ಸ್ವಲ್ಪ ದಿನಕ್ಕೆ ಮತ್ತೆ ನಲವತ್ತಕ್ಕೆ ಏರಿತು. ಮೂಳೆಯಿಂದ ಬರುತ್ತಿದೆ ಎಂದರು.

ಈ ಕಡೆ ನಾನು ಶಾಲೆಯ ಬೀರು ತೆಗೆದು ಗಣಿತದ ತಟ್ಟೆಯ ಮುಂದೆ ಕೂತೆ. ಆ ಬೆಳ್ಳಿ ಕಾಳುಗಳು ಇನ್ನೂ ಅರವತ್ತಮೂರು ಉಳಿದಿದ್ದವು. ಮುಟ್ಟಿದರೆ ಅಷ್ಟು ಅಪಾಯವಿಲ್ಲ, ಬಾಯಿಗೆ ಹಾಕಿದರೆ ಅಪಾಯ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಯಾವ ಯಾವ ಮಕ್ಕಳಿಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಅಭ್ಯಾಸ ಇತ್ತು ಎಂದು ನೆನಪು ಮಾಡಿಕೊಂಡು ಹನ್ನೊಂದು ಮನೆಗಳಿಗೆ ಹೋದೆ. ರಕ್ತ ಕೊಡಲು ಒಪ್ಪಿದವರು ಮೂವರು. ಉಳಿದವರು ಮಗು ಚೆನ್ನಾಗಿ ಆಡಿಕೊಂಡಿದೆಯಲ್ಲ ಎಂದರು. ಒಬ್ಬರು, ಆ ಸಾಬರ ಹುಡುಗಿಯ ಕಾಯಿಲೆ ನಮಗೇಕೆ ತರುತ್ತೀರಿ ಎಂದು ಬಾಗಿಲು ಹಾಕಿದರು. ಆ ಮೂವರಲ್ಲಿ ಒಬ್ಬ ಹುಡುಗನದು ಹದಿನೈದು ಬಂತು. ಅವನ ಅಪ್ಪ ಅವನನ್ನು ನಮ್ಮ ಶಾಲೆ ಬಿಡಿಸಿದ. ನಾನು ಎರಡು ಕಚೇರಿಗಳಿಗೆ ಅರ್ಜಿ ಬರೆದೆ. ಓಣಿಯ ಮಣ್ಣು ಪರೀಕ್ಷೆ ಮಾಡಿಸಿ, ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ ಎಂದು. ಉತ್ತರ ಇನ್ನೂ ಬಂದಿಲ್ಲ.

ಆ ಮನೆಗೆ ಮಕ್ಕಳನ್ನು ಮತ್ತೆ ಕರೆದುಕೊಂಡು ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಸಲೀಂ ಮಂಡಿಯ ಹಿಂದೆ ಒಂದೇ ಕೋಣೆಯ ಮನೆ ಹಿಡಿದ. ಹಾಸಿಗೆ, ಬಟ್ಟೆ, ಚಾಪೆ ಎಲ್ಲವನ್ನೂ ಹಳೆಯ ಮನೆಯಲ್ಲೇ ಬಿಟ್ಟು ಬಂದರು. ಹನ್ನೆರಡನೇ ವಯಸ್ಸಿನಿಂದ ಕಲಿತ ಕೆಲಸವನ್ನು ಬಿಟ್ಟ ಮೇಲೆ ಅವನು ಯಾವ ಕೆಲಸಕ್ಕೂ ಹೊಸಬನಾದ. ಮಣಿಕಟ್ಟಿನಲ್ಲಿ ಶಕ್ತಿ ಇರಲಿಲ್ಲ, ಚೀಲ ಜಾರುತ್ತಿತ್ತು. ಅದಕ್ಕೂ ಆ ಸೀಸವೇ ಕಾರಣ ಎಂದು ಮೇಘಶ್ರೀ ನನಗೆ ಹೇಳಿದ್ದರು. ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಅವನು ಮಕ್ಕಳನ್ನು ಮುಟ್ಟುವುದು ಬಿಟ್ಟಿದ್ದ. ಉಮೇರ್ ಓಡಿಬಂದು ಕಾಲು ತಬ್ಬಿಕೊಂಡರೆ ಕೈಗಳನ್ನು ಮೇಲಕ್ಕೆತ್ತಿ ನಿಲ್ಲುತ್ತಿದ್ದನಂತೆ. ಈಗ ನೀನು ಬ್ಯಾಟರಿ ಮುಟ್ಟುತ್ತಿಲ್ಲವಲ್ಲ ಎಂದು ದಿಲ್‌ಶಾದ್ ಎಷ್ಟು ಹೇಳಿದರೂ ಕೈ ಇಳಿಸುತ್ತಿರಲಿಲ್ಲವಂತೆ.

ಮಾಹೀರಾ ಮತ್ತೆ ಶಾಲೆಗೆ ಬಂದಳು. ಈಗ ಐದನೇ ತರಗತಿ. ಹೊಟ್ಟೆನೋವು ಇಲ್ಲ, ಮುಖಕ್ಕೆ ಸ್ವಲ್ಪ ಬಣ್ಣ ಬಂದಿದೆ. ಒಂದನೇ ತರಗತಿಯ ಮಕ್ಕಳ ಅಕ್ಷರದ ಕಾರ್ಡುಗಳನ್ನು ಹಿಡಿದು ಅವಳ ಜೊತೆ ಪ್ರತಿದಿನ ಊಟದ ನಂತರ ಕೂರುತ್ತೇನೆ. ಒಂದು ವಾರ ಹೇಳಿಕೊಟ್ಟದ್ದು ಸೋಮವಾರಕ್ಕೆ ಇರುವುದಿಲ್ಲ. ಈಗ ಅವಳು ಕಚ್ಚುವುದಿಲ್ಲ, ಸಿಡುಕುವುದಿಲ್ಲ. ಹೇಳಿದ ಕಡೆ ಕೂರುತ್ತಾಳೆ. ಅದೇ ನನಗೆ ಹೆಚ್ಚು ಸಂಕಟ.

ಆಗಸ್ಟ್‌ನಲ್ಲಿ ಒಂದು ದಿನ ಅವಳು ಒಂದು ನೋಟ್‌ಬುಕ್ ತಂದಳು. ಎರಡನೇ ತರಗತಿಯದು. ಅಮ್ಮ ಅದನ್ನು ತವರಿನಲ್ಲಿ ತೋರಿಸಲು ಒಯ್ದು ಹೊಸದುರ್ಗದಲ್ಲೇ ಬಿಟ್ಟಿದ್ದಳಂತೆ. ಅಜ್ಜಿ ಈಗ ಕಳಿಸಿದ್ದಳು. ದುಂಡಗೆ, ಗೆರೆ ಬಿಡದೆ ಬರೆದ ಅಕ್ಷರ. ಪುಟಪುಟಕ್ಕೂ ನನ್ನ ಕೆಂಪು ಶಾಯಿಯಲ್ಲಿ ಬಹಳ ಚೆನ್ನಾಗಿದೆ ಎಂದಿತ್ತು. ಅವಳು ಪುಟ ತಿರುವಿ, ಒಂದು ಸಾಲಿನ ಕೆಳಗೆ ಬೆರಳಿಟ್ಟು ತುಟಿ ಅಲ್ಲಾಡಿಸಿದಳು. ಎರಡನೆಯ ಪದಕ್ಕೆ ನಿಂತಳು. ಮತ್ತೆ ಮೊದಲಿನಿಂದ ಶುರು ಮಾಡಿ ಅಲ್ಲೇ ನಿಂತಳು.

"ಟೀಚರ್, ಇದು ನಾನೇ ಬರ್ದಿದ್ದಾ?"

"ನೀನೇ ಬರ್ದಿದ್ದು ಕಣಮ್ಮ."

"ನಂಗೆ ಓದಾಕೂ ಬರ್ತಿತ್ತಾ?"

ಬರುತ್ತಿತ್ತು ಎಂದೆ. ಅವಳು ಅಳಲಿಲ್ಲ. ನೋಟ್‌ಬುಕ್ಕನ್ನು ಮುಚ್ಚಿ, ಬೇರೆ ಯಾರದೋ ವಸ್ತುವನ್ನು ಹಿಂದಿರುಗಿಸುವಂತೆ ನನ್ನ ಮೇಜಿನ ಮೇಲಿಟ್ಟು ಹೋದಳು. ಅಂದಿನಿಂದ ಅದು ನನ್ನ ಹತ್ತಿರವೇ ಇದೆ. ಉಮೇರ್‌ಗೆ ಈಗ ನಾಲ್ಕು ವರ್ಷ. ಅಂಗನವಾಡಿಗೆ ಹೋಗುತ್ತಾನೆ. ಮೂರು ಮಾತು ಆಡುತ್ತಾನೆ.

ಕಳೆದ ತಿಂಗಳು ಸಲೀಂ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದ. ಮಗಳ ವಿಷಯಕ್ಕೆ ಬಂದನೆಂದುಕೊಂಡೆ. ಅಲ್ಲ. ತಾವು ಬಿಟ್ಟ ಮನೆಗೆ ಬೇರೆಯವರು ಬಾಡಿಗೆಗೆ ಬಂದಿದ್ದಾರೆ, ಅವರಿಗೆ ವರ್ಷದ ಮಗುವಿದೆ, ತಾನು ಎರಡು ಸಲ ಹೋಗಿ ಹೇಳಿದರೂ ಅವರು ನಂಬುತ್ತಿಲ್ಲ ಎಂದ. ಮನೆಯ ಯಜಮಾನನ ಹತ್ತಿರವೂ ಹೋಗಿದ್ದನಂತೆ. ಯಜಮಾನ, ನನ್ನ ಮನೆಗೆ ಕೆಟ್ಟ ಹೆಸರು ತರಬೇಡ ಎಂದು ಬೈದು ಕಳಿಸಿದ್ದ.

"ನಾನು ಹೇಳಿದ್ರೆ ಕೇಳಲ್ಲ ಮೇಡಂ. ನೀವು ಒಂದ್ಸಲ ಬರ್ರಿ" ಎಂದ.

ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಓಣಿಯ ತಿರುವಿನಲ್ಲೇ ಸೀಸ ಕರಗಿಸುವ ವಾಸನೆ ಬಂತು. ಹಿಂದಿನ ಓಣಿಯಲ್ಲಿ ಇನ್ನೊಬ್ಬ ಕೆಲಸ ಶುರು ಮಾಡಿದ್ದಾನೆ, ನನ್ನ ಬಾಣಲೆ ಯಜಮಾನನಿಂದ ಅವನ ಕೈಗೆ ಹೋಗಿದೆ ಎಂದು ಸಲೀಂ ಹೇಳಿದ. ಮನೆಯ ಅಂಗಳದ ತಗಡು ತೆಗೆದುಹಾಕಿದ್ದರು. ನೆಲ ಮಾತ್ರ ಹಾಗೇ ಇತ್ತು, ಬೂದು ಬಣ್ಣದ ಮಣ್ಣು. ಮಗು ಅಲ್ಲಿ ಕೂತು ಚಮಚದಲ್ಲಿ ಮಣ್ಣು ಕೆದಕುತ್ತಿತ್ತು. ತಾಯಿ ನಿಂಗಕ್ಕ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. ಅವಳೂ ಗಂಡ ಜುಂಜಪ್ಪನೂ ಬಬ್ಬೂರಿನ ಕಡೆ ತೋಟದ ಕೂಲಿಗೆ ಹೋಗುವವರು.

ನಾನು ನಿಧಾನವಾಗಿ ಎಲ್ಲ ಹೇಳಿದೆ. ಮಾಹೀರಾ ಹೇಗೆ ಓದುತ್ತಿದ್ದಳು, ಏನಾಯಿತು, ರಕ್ತದಲ್ಲಿ ಎಷ್ಟು ಬಂತು, ಈ ಮಣ್ಣಿನಲ್ಲಿ ಏನಿದೆ. ನಿಂಗಕ್ಕ ಮರ್ಯಾದೆಯಿಂದ ಕೇಳಿಸಿಕೊಂಡಳು. ನನಗೆ ಕೂರಲು ಮಣೆಯನ್ನೂ ತಂದು ಹಾಕಿದಳು.

"ನಾವಿದ್ದ ಗುಡಿಸ್ಲಾಗೆ ಹಾವು ಬರ್ತಿದ್ವು ಟೀಚರಮ್ಮ" ಎಂದಳು. "ಇಲ್ಲಿ ನಲ್ಲಿ ಐತೆ, ಕರೆಂಟ್ ಐತೆ. ಕಡಿಮೆ ಬಾಡಿಗೆ ಅಂತ ಕೊಟ್ಟವ್ರೆ. ಕಣ್ಣಿಗೆ ಕಾಣದೇ ಇರೋದಕ್ಕೆ ಹೆದ್ರಿಕಂಡು ಎಲ್ಲಿಗೆ ಹೋಗಾಣ, ನೀವೇ ಹೇಳ್ರಿ."

ಮಗುವಿನ ರಕ್ತ ಪರೀಕ್ಷೆ ಮಾಡಿಸೋಣ, ನಾನೇ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. ಗಂಡನನ್ನು ಕೇಳಿ ಹೇಳುತ್ತೇನೆ ಎಂದಳು. ಮೂರು ವಾರವಾಯಿತು, ಅವಳು ಹೇಳಿಲ್ಲ.

ಹೊರಡುವಾಗ ಸಲೀಂ ಅಂಗಳದ ನಡುವೆ ನಿಂತ. ಮಗು ಅವನ ಕಾಲ ಬಳಿಯೇ ಇತ್ತು. ಅವನು ಬಗ್ಗಿ ಅದನ್ನು ಎತ್ತಿಕೊಂಡ. ನಲ್ಲಿಯ ಹತ್ತಿರ ಒಯ್ದು, ಅದರ ಅಂಗೈ ಬಿಡಿಸಿ, ಬೆರಳು ಬೆರಳನ್ನೂ ತೊಳೆದ. ತನ್ನ ಅಂಗಿಗೆ ಒರೆಸಲು ಹೋದವನು ತಡೆದು, ಗಾಳಿಗೆ ಆರಲೆಂದು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ತಾಯಿಯ ಕೈಗೆ ಕೊಟ್ಟ. ನಿಂಗಕ್ಕ ನಕ್ಕು, ಒಳ್ಳೆಯದಾಗಲಿ ಸಾಬ್ರೇ ಎಂದಳು. ಕೊಡ ತುಂಬಿ ಹರಿಯುತ್ತಿತ್ತು. ಅದನ್ನು ಎತ್ತಲು ಅವಳು ಮಗುವನ್ನು ಮತ್ತೆ ನೆಲಕ್ಕೆ ಬಿಟ್ಟಳು.